ಡಬ್ಬಿ ಯಾರ ಮನೆಗೆ?

ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕರಿಸಿ, ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದರೆಂದರೆ ದೀಪಾವಳಿ ಅಮಾವಾಸ್ಯೆಗೆ ಉಳಿಯುವುದು ಹದಿನೈದು ದಿನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಈ ಹದಿನೈದು ದಿನ ಮನೆಮನೆಯಲ್ಲೂ ಫರಾಳದ ಗಡಿಬಿಡಿ. ಚಕ್ಕುಲಿ, ಚಿವಡಾ, ಲಾಡು, ಶಂಕರಪೋಳಿ ಮನೆಯ ಒಲೆಯ ಮೇಲೆಯೇ ಆಗುತ್ತವೆ. ನಾನ್‌ಖಟಾಯಿಗೆ ಮಾತ್ರ ಬೇಕರಿಯ ಭಟ್ಟಿ ಬೇಕು.

ಮೈದಾ, ಪುಡಿ ಸಕ್ಕರೆ, ತುಪ್ಪ ತುಂಬಿದ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಬೇಕರಿಯ ಮುಂದೆ ಪಾಳಿ ಹಚ್ಚುವುದು ಈ ಭಾಗದ ಹಳೆಯ ರೂಢಿ. ಸಾಮಾನು ಮನೆಯವರದು, ಭಟ್ಟಿಯೂ ಕೈಚಳಕವೂ ಬೇಕರಿಯವರದು; ಬೇಯಿಸಿ ಕೊಟ್ಟದ್ದಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ. ದೀಪಾವಳಿಗಷ್ಟೇ ಅಲ್ಲ, ರಮಜಾನ್ ಹಬ್ಬಕ್ಕೂ ಇದೇ ಭಟ್ಟಿ, ಇದೇ ಪಾಳಿ. "ಇನ್ನೂ ಎಷ್ಟು ಹೊತ್ತ ಆಗತೈತ್ರೀ ಕಾಕಾ?" ಎಂದು ಕೇಳುವ ಹುಡುಗನಿಗೆ "ಸುಡಾಕ್ಹತ್ತೈತಿ, ತಡಿಯಪ್ಪಾ" ಎಂಬುದೇ ಉತ್ತರ. ಅಂಗಡಿಯಲ್ಲಿ ಸಿದ್ಧ ಬಿಸ್ಕತ್ತಿನ ಪೆಟ್ಟಿಗೆಗಳು ಹೆಚ್ಚಾದ ಮೇಲೆ ಈ ಪಾಳಿ ಮೊದಲಿನಷ್ಟು ಉದ್ದವಿಲ್ಲ. ಆದರೂ ಮನೆಯ ಹಿಟ್ಟಿನಿಂದ ಮಾಡಿದ್ದನ್ನು ಡಬ್ಬಿಗೆ ತುಂಬಿ ಕೊಡುವುದರ ಸಂತೋಷವೇ ಬೇರೆ. ರಜೆಯಲ್ಲಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವೂ ಸಿಗಲಾರದು.

ಹೆಸರಿನ ಹಿಂದಿನ ಕಥೆ

'ನಾನ್' ಎಂದರೆ ಪಾರಸಿ ಭಾಷೆಯಲ್ಲಿ ರೊಟ್ಟಿ. ನಾನ್‌ಖಟಾಯಿಯ ತವರು ಗುಜರಾತಿನ ಸೂರತ್ ಎನ್ನುತ್ತಾರೆ. ಅಲ್ಲಿದ್ದ ಡಚ್ ವ್ಯಾಪಾರಿಗಳು ಬ್ರೆಡ್ಡಿಗಾಗಿ ಕಟ್ಟಿಸಿದ ಭಟ್ಟಿ, ಅವರು ಊರು ಬಿಟ್ಟ ನಂತರ ದೋಟಿವಾಲಾ ಎಂಬ ಪಾರ್ಸಿ ಗೃಹಸ್ಥನ ಕೈಗೆ ಬಂತಂತೆ. ಹಿಟ್ಟು ಹುದುಗಿಸಲು ಸೇಂದಿ ಬಳಸುತ್ತಿದ್ದುದರಿಂದ ಊರವರು ಬ್ರೆಡ್ಡನ್ನು ಮುಟ್ಟಲಿಲ್ಲ. ಸೇಂದಿಯನ್ನು ಬಿಟ್ಟು, ತುಪ್ಪ ಸಕ್ಕರೆ ಸೇರಿಸಿ ಸುಟ್ಟ ಬಿಸ್ಕತ್ತು ಮಾತ್ರ ಎಲ್ಲರಿಗೂ ಹಿಡಿಸಿತು ಎಂದು ಆ ಕಥೆ ಮುಗಿಯುತ್ತದೆ. ಪರದೇಶದವರ ಭಟ್ಟಿ, ಪಾರ್ಸಿಯವರ ಕೈ, ನಮ್ಮ ಹಬ್ಬದ ಡಬ್ಬಿ: ತಿಂಡಿಗೆ ಗಡಿ ಇಲ್ಲ ಎನ್ನಲು ಇದೊಂದು ಸಾಕ್ಷಿ. ಗಡಿಭಾಗದ ಈ ತಾಲ್ಲೂಕುಗಳಲ್ಲಿ ಒಂದು ಮನೆಯ ಕರಚಿಕಾಯಿ ಪಕ್ಕದ ಮನೆಯಲ್ಲಿ ಕರಂಜಿ ಆಗುತ್ತದೆ, ರುಚಿ ಒಂದೇ.

ನಾಲ್ಕು ಬಗೆ, ಆರು ಡಬ್ಬಿ

ಒಂದೊಂದು ಬಗೆಯಲ್ಲಿ 24 ಬಿಸ್ಕತ್ತು ಮಾಡಿದರೆ, ಡಬ್ಬಿಗೆ ಬಗೆಗೆ ನಾಲ್ಕರಂತೆ ಹದಿನಾರು ತುಂಬಿ ಆರು ಡಬ್ಬಿ ಸಿದ್ಧಪಡಿಸಬಹುದು.

ನಾನ್‌ಖಟಾಯಿ: ಮೈದಾ 200 ಗ್ರಾಂ, ಕಡಲೆ ಹಿಟ್ಟು 50 ಗ್ರಾಂ, ಸಣ್ಣ ರವೆ 25 ಗ್ರಾಂ, ಗಟ್ಟಿ ತುಪ್ಪ 150 ಗ್ರಾಂ, ಪುಡಿ ಸಕ್ಕರೆ 125 ಗ್ರಾಂ, ಚಿಟಿಕೆ ಅಡುಗೆ ಸೋಡಾ, ಯಾಲಕ್ಕಿ ಪುಡಿ. ಮೊದಲು ತುಪ್ಪ ಮತ್ತು ಸಕ್ಕರೆಯನ್ನು ಬೆಳ್ಳಗೆ ಹಗುರಾಗುವವರೆಗೆ ಅಂಗೈಯಿಂದ ತಿಕ್ಕಬೇಕು. ಆಮೇಲೆ ಹಿಟ್ಟುಗಳನ್ನು ಜರಡಿ ಹಿಡಿದು, ರವೆ, ಸೋಡಾ, ಯಾಲಕ್ಕಿಯೊಂದಿಗೆ ಸೇರಿಸಿ ಮೆಲ್ಲಗೆ ಒಂದುಗೂಡಿಸಬೇಕು. ಚಪಾತಿ ಹಿಟ್ಟಿನಂತೆ ನಾದಬಾರದು.

ಬೆಲ್ಲದ ಬಿಸ್ಕತ್ತು: ಗೋಧಿ ಹಿಟ್ಟು 200 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ತುಪ್ಪ 100 ಗ್ರಾಂ, ಎರಡು ಚಮಚ ಎಳ್ಳು, ಕಾಲು ಚಮಚ ಸೋಡಾ, ಹಿಟ್ಟು ಕೂಡಿಕೊಳ್ಳಲು ಬೇಕಾದಷ್ಟೇ ಹಾಲು. ಕಬ್ಬಿನ ನಾಡಿನಲ್ಲಿ ಬೆಲ್ಲಕ್ಕೆ ಬರವಿಲ್ಲ. ಈ ಹಿಟ್ಟನ್ನು ಲಟ್ಟಿಸಿ ಆಕಾರ ಕತ್ತರಿಸಬಹುದು. ಬನ್ನಿ ಎಲೆ, ಚೆಂಡು ಹೂವು, ಪಣತಿ ಇವೇ ಶರದೃತುವಿನ ಗುರುತುಗಳು. ಚಾಕುವಿನ ಮೊನೆಯಿಂದ ಎಲೆಯ ನರ ಗೀರುವ ಕೆಲಸ ಮಕ್ಕಳದು. ತುಪ್ಪ ಹೆಚ್ಚಿರುವ ನಾನ್‌ಖಟಾಯಿ ಬಿಸಿಗೆ ಹರಡಿಕೊಳ್ಳುವುದರಿಂದ ಅದರಲ್ಲಿ ಇಂಥ ಗೆರೆ ಉಳಿಯುವುದಿಲ್ಲ.

ಶೇಂಗಾ ಬಿಸ್ಕತ್ತು: ಹುರಿದು ಸಿಪ್ಪೆ ತೆಗೆದ ಶೇಂಗಾ ಪುಡಿ 125 ಗ್ರಾಂ, ಗೋಧಿ ಹಿಟ್ಟು 125 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ತುಪ್ಪ 100 ಗ್ರಾಂ. ಕೆಲವರಿಗೆ ಶೇಂಗಾ ಒಗ್ಗುವುದಿಲ್ಲ. ಡಬ್ಬಿಯ ಮೇಲೆ ಶೇಂಗಾ ಇದೆ ಎಂದು ಬರೆಯಲು ಮರೆಯಬಾರದು.

ಜೀರಿಗೆ ಖಾರಿ ಬಿಸ್ಕತ್ತು: ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಮೂರು ಚಮಚ ಗಟ್ಟಿ ಮೊಸರು, ಮುಕ್ಕಾಲು ಸಣ್ಣ ಚಮಚ ಉಪ್ಪು, ಜೀರಿಗೆ, ಓಂಕಾಳು, ಚಿಟಿಕೆ ಸೋಡಾ. ಸಿಹಿ ತಿಂದು ಬೇಸತ್ತ ಬಾಯಿಗೆ ಇದು ಬೇಕೇ ಬೇಕು.

ಭಟ್ಟಿ ದೂರವಿದ್ದವರು ಮನೆಯಲ್ಲೂ ಬೇಯಿಸಬಹುದು. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಇಂಚು ಉಪ್ಪು ಅಥವಾ ಒಣ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕತ್ತುಗಳನ್ನು ಅಂತರ ಬಿಟ್ಟು ಜೋಡಿಸಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ಕಡ್ಡಾಯವಾಗಿ ತೆಗೆದಿಡಬೇಕು. ಒಲೆಯ ಬಳಿ ಹಿರಿಯರೊಬ್ಬರು ಇರಲೇಬೇಕು. ಓವನ್ ಇದ್ದವರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಇಟ್ಟರೆ ಸಾಕು. ಬೆಲ್ಲದ್ದು ಬೇಗ ಕೆಂಪಾಗುತ್ತದೆ, ಅದರ ಮೇಲೆ ಕಣ್ಣಿರಲಿ.

ಒಲೆಯ ಮುಂದಿನ ವಿಜ್ಞಾನ

ಈ ಅಡುಗೆಯಲ್ಲಿ ಪಠ್ಯಪುಸ್ತಕದ ಹಲವು ಪುಟಗಳಿವೆ. ತುಪ್ಪ ಸಕ್ಕರೆ ತಿಕ್ಕುವಾಗ ಸಣ್ಣ ಗಾಳಿಗುಳ್ಳೆಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಬಿಸಿಗೆ ಅವು ಹಿಗ್ಗಿ ಬಿಸ್ಕತ್ತನ್ನು ಹಗುರ ಮಾಡುತ್ತವೆ. ಸೋಡಾ ಬಿಸಿಯಾದಾಗ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ. ಹಿಟ್ಟಿಗೆ ನೀರು ಬಿದ್ದು ನಾದಿದರೆ ಗ್ಲುಟೆನ್ ಎಂಬ ಜಿಗುಟು ಜಾಲ ಬೆಳೆಯುತ್ತದೆ. ಚಪಾತಿಗೆ ಅದು ಬೇಕು, ನಾನ್‌ಖಟಾಯಿಗೆ ಬೇಡ. ತುಪ್ಪ ಹಿಟ್ಟಿನ ಕಣಗಳಿಗೆ ಹೊದಿಕೆಯಾಗಿ ಆ ಜಾಲವನ್ನು ತಡೆಯುವುದರಿಂದಲೇ ಬಾಯಲ್ಲಿಟ್ಟರೆ ಕರಗುವ ಗುಣ ಬರುತ್ತದೆ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಹಬೆ ನೀರಾಗಿ ಬಿಸ್ಕತ್ತು ಮೆತ್ತಗಾಗುತ್ತದೆ. ಬೆಲ್ಲ ಗಾಳಿಯ ತೇವವನ್ನು ಸೆಳೆಯುವುದರಿಂದ ಬೆಲ್ಲದ ಬಿಸ್ಕತ್ತನ್ನು ಬೇರೆ ಕಾಗದದಲ್ಲಿ ಸುತ್ತಿಡಬೇಕು.

ಸುತ್ತಲು ಹಳೆಯ ಪತ್ರಿಕೆ ಬೇಡ, ಅದು ಈ ಪುರವಣಿಯೇ ಆಗಿದ್ದರೂ! ಅಚ್ಚಿನ ಮಸಿ ಜಿಡ್ಡಿನ ತಿಂಡಿಗೆ ಅಂಟುತ್ತದೆ. ಬೆಣ್ಣೆ ಕಾಗದ ಅಥವಾ ಶುಭ್ರ ಬಿಳಿ ಕಾಗದ ಸಾಕು. ತುಪ್ಪದ ಬದಲು ವನಸ್ಪತಿ ಹಾಕುವವರಿಗೂ ಒಂದು ಮಾತು. ಇದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ತಿಳಿದ ಮೇಲೆ, ಅದು ಶೇಕಡಾ 2ನ್ನು ಮೀರಬಾರದೆಂಬ ನಿಯಮ ದೇಶದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಲೆಕ್ಕ ಬಲ್ಲ ಮಕ್ಕಳು ಇನ್ನೊಂದನ್ನೂ ಕೂಡಿಸಿ ನೋಡಲಿ: ಮೇಲಿನ ನಾಲ್ಕು ಬಗೆಗೆ ತುಪ್ಪ ಬೆಣ್ಣೆ ಸೇರಿ 450 ಗ್ರಾಂ. ಎಲ್ಲವನ್ನೂ ಒಂದೇ ಮನೆಯವರು ತಿನ್ನುವುದಲ್ಲ, ಹಂಚುವುದೇ ಕ್ಷೇಮ.

ಪಟ್ಟಿ ಬರೆಯುವಾಗ

ಆರು ಡಬ್ಬಿ ಸಿದ್ಧವಾದವು, ಯಾರಿಗೆ ಕೊಡುವುದು? ಹಿಟ್ಟು ಕಲಸುವುದಕ್ಕಿಂತ ಕಠಿಣವಾದ ಪ್ರಶ್ನೆ ಇದೇ. ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ: ಸಾಹೇಬರ ಮನೆ, ಡಾಕ್ಟರ ಮನೆ, ಹೋದ ವರ್ಷ ನಮಗೆ ಡಬ್ಬಿ ಕೊಟ್ಟವರ ಮನೆ. ಅಂದರೆ ಡಬ್ಬಿ ಹೋದಲ್ಲಿಂದ ಡಬ್ಬಿಯೋ ಉಪಕಾರವೋ ಮರಳಿ ಬರುವ ಮನೆಗಳು. ಮಕ್ಕಳು ಇದನ್ನು ನೋಡಿಯೇ ಕಲಿಯುತ್ತಾರೆ.

ಹಿರಿಯರು ಹಾಕಿಕೊಟ್ಟ ಪದ್ಧತಿ ಹಾಗಿರಲಿಲ್ಲ. ಆ ವರ್ಷ ಸಾವಾದ ಮನೆಯಲ್ಲಿ ಹಬ್ಬಕ್ಕೆ ಎಣ್ಣೆ ಕಡಾಯಿ ಇಡುವುದಿಲ್ಲ. ಓಣಿಯ ತುಂಬ ಚಕ್ಕುಲಿಯ ವಾಸನೆ ಹಬ್ಬಿರುವಾಗ ಆ ಮನೆಯ ಮಕ್ಕಳ ಮನಸ್ಸು ಹೇಗಿರಬೇಡ? ಅದಕ್ಕೇ ನೆರೆಯವರೂ ಬೀಗರೂ ಫರಾಳವನ್ನು ಮೊದಲು ಅಲ್ಲಿಗೆ ಕಳಿಸುತ್ತಾರೆ. ತಂದೆಯನ್ನೋ ಅಜ್ಜಿಯನ್ನೋ ಕಳೆದುಕೊಂಡ ಸಹಪಾಠಿಯ ಮನೆಗೆ ಡಬ್ಬಿ ಒಯ್ಯುವ ಹುಡುಗನಿಗೆ ಅಲ್ಲಿ ಏನು ಮಾತಾಡಬೇಕೆಂದು ತೋಚದಿರಬಹುದು. ಮಾತು ಬೇಕಿಲ್ಲ. "ಅವ್ವ ಕೊಟ್ಟಾಳ್ರೀ ಕಾಕು" ಎಂದರೆ ಸಾಕು. ಹತ್ತು ನಿಮಿಷ ಗೆಳೆಯನ ಪಕ್ಕದಲ್ಲಿ ಕುಳಿತು ಬಂದರೆ ಇನ್ನೂ ಒಳ್ಳೆಯದು.

ಎರಡನೆಯ ಡಬ್ಬಿ ಹೊಲದ ದಂಡೆಗೆ. ಉಗಾರ ಶುಗರ್ ವರ್ಕ್ಸ್ ಕಂಪನಿ 1939ರಲ್ಲಿ ಹುಟ್ಟಿದಂದಿನಿಂದ ಇಂದಿನವರೆಗೆ ಕೃಷ್ಣಾ ತೀರದ ಈ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಒಂದರ ಹಿಂದೊಂದು ಬಂದಿವೆ. ದೀಪಾವಳಿಯ ಹಿಂದೆಮುಂದೆ ಹಂಗಾಮು ಶುರುವಾಗುತ್ತದೆ. ಮಹಾರಾಷ್ಟ್ರದ ಬೀಡ ಮುಂತಾದ ಕಡೆಗಳಿಂದ ಕಬ್ಬು ಕಡಿಯುವವರ ಗ್ಯಾಂಗುಗಳು ಸಂಸಾರ ಸಮೇತ ಬಂದು ಗುಡಿಸಲು ಹಾಕುತ್ತವೆ. ನಮ್ಮ ಚಹಾದಲ್ಲಿ, ಬಿಸ್ಕತ್ತಿನಲ್ಲಿ ಕರಗುವ ಸಕ್ಕರೆಯ ಮೊದಲ ಶ್ರಮ ಅವರದು. ಹಬ್ಬದ ಹೊತ್ತಿಗೆ ಅವರು ತಮ್ಮ ಊರಿನಲ್ಲಿಲ್ಲ. ಅವರ ಮಕ್ಕಳಲ್ಲಿ ಹಲವರ ಶಾಲೆ ಅರ್ಧಕ್ಕೇ ನಿಂತಿರುತ್ತದೆ. ಆ ಗುಡಿಸಲಿಗೆ ಡಬ್ಬಿ ಒಯ್ಯುವ ಮಕ್ಕಳು ಅಲ್ಲಿನ ಮಕ್ಕಳ ಹೆಸರು ಕೇಳಿಕೊಂಡು ಬರಲಿ, ಹೆತ್ತವರು ಆ ಹೆಸರನ್ನು ಊರಿನ ಶಾಲೆಯ ಗುರುಗಳಿಗೆ ಮುಟ್ಟಿಸಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಸಿಗಬೇಕು. ಹಳೆಯ ಶಾಲೆಯ ದಾಖಲೆ ಬರುವುದು ತಡವಾಯಿತೆಂದು ಬಾಗಿಲು ಮುಚ್ಚುವಂತಿಲ್ಲ. ಒಂದು ಡಬ್ಬಿ ಬಿಸ್ಕತ್ತು ಮಗುವನ್ನು ಶಾಲೆಗೆ ತರಲಾರದು. ಆದರೆ ಪರಿಚಯಕ್ಕೆ ಅದು ಸಾಕು.

ಮೂರನೆಯದು, ಓದಲೆಂದು ಬೆಳಗಾವಿಯಲ್ಲೋ ಧಾರವಾಡದಲ್ಲೋ ಹಾಸ್ಟೆಲ್ಲಿನಲ್ಲಿದ್ದು, ಪರೀಕ್ಷೆಯ ಕಾರಣ ಹಬ್ಬಕ್ಕೆ ಬರಲಾಗದ ಮಗನಿಗೆ ಅಥವಾ ಮಗಳಿಗೆ. ಅದರಲ್ಲಿ ಹದಿನಾರರ ಬದಲು ಇಪ್ಪತ್ತು ಇಡಬೇಕು. ಹಾಸ್ಟೆಲ್ಲಿನಲ್ಲಿ ಡಬ್ಬಿ ತೆರೆದ ಮೇಲೆ ಅದು ಒಬ್ಬರದಾಗಿ ಉಳಿಯುವುದಿಲ್ಲವಲ್ಲ!

ಉಳಿದ ಮೂರು ಸಾಹೇಬರಿಗೂ ಹೋಗಲಿ, ಬೀಗರಿಗೂ ಹೋಗಲಿ, ಅಡ್ಡಿಯಿಲ್ಲ.

ಕೊನೆಗೊಂದು ಸೂಕ್ಷ್ಮ. ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು, ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಹೆಣ್ಣುಮಕ್ಕಳ ರೀತಿ. ಸುಖದ ಮನೆಗಳ ನಡುವೆ ಅದು ಚೆಂದ. ದುಃಖದ ಮನೆಗೆ, ಬಡವರ ಗುಡಿಸಲಿಗೆ ಅದೇ ರೀತಿ ಭಾರವಾಗುತ್ತದೆ. ಅಲ್ಲಿಗೆ ಸ್ಟೀಲ್ ಡಬ್ಬಿ ಬೇಡ. ಮಕ್ಕಳೇ ಮಡಿಚಿ ಮಾಡಿದ ಕಾಗದದ ಪೆಟ್ಟಿಗೆಯಲ್ಲಿ ಕೊಟ್ಟರಾಯಿತು. ಮರಳಿಸುವ ಚಿಂತೆ ಆ ಮನೆಯವರಿಗೆ ಇರುವುದಿಲ್ಲ.