“ಎಲ್ಲಾ ನಿನ್ನ ತಲೇಲೇ ಇರೋದು” ಅನ್ನೋ ಮುಂಚೆ

ನಮ್ಮ ಸಿಂಗಸಂದ್ರದಲ್ಲಿ ಯಾವ ಮನೆ ಬಾಗಿಲು ತಟ್ಟಿದ್ರೂ ಒಂದು ನೋವಿನ ಕಥೆ ಐತೆ. ಒಬ್ರಿಗೆ ಸೊಂಟ, ಒಬ್ರಿಗೆ ಮಂಡಿ, ಇನ್ನೊಬ್ರಿಗೆ ಕತ್ತಿಂದ ಭುಜಕ್ಕೆ ಇಳಿಯೋ ಎಳೆತ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗೋರು, ಎಲೆಕ್ಟ್ರಾನಿಕ್ ಸಿಟೀಲಿ ಕಂಪ್ಯೂಟರ್ ಮುಂದೆ ಕೂರೋರು, ನಾಲ್ಕು ಮನೆ ಪಾತ್ರೆ ತಿಕ್ಕೋರು, ಮನೇಲೇ ಇದ್ದು ಯಾರ ಲೆಕ್ಕಕ್ಕೂ ಸಿಗದ ಕೆಲಸ ಮಾಡೋರು, ಯಾರನ್ನೂ ಅದು ಬಿಟ್ಟಿಲ್ಲ. ನೋವು ಬಂದ ಮೊದಲ ತಿಂಗಳು ಮನೆಯೋರೆಲ್ಲ ವಿಚಾರಿಸ್ತಾರೆ. ಎರಡನೇ ತಿಂಗಳು ಎಣ್ಣೆ, ಬೆಲ್ಟು, ಸ್ಕ್ಯಾನು. ಆರು ತಿಂಗಳಾದ ಮೇಲೆ ರಿಪೋರ್ಟ್‌ನಲ್ಲಿ ಅಂಥಾದ್ದೇನೂ ಇಲ್ಲ ಅಂತ ಬಂದ್ರೆ, ಒಂದು ಮಾತು ಹುಟ್ಟಿಕೊಳ್ತದೆ: “ಎಲ್ಲಾ ನಿನ್ನ ತಲೇಲೇ ಇರೋದು.”

ಈ ಮಾತನ್ನ ನಮ್ಮ ಮನೆಗಳಿಂದ ಆಚೆ ಹಾಕಬೇಕು ಅನ್ನೋದು ನನ್ನ ವಾದ. ಅದರ ಜೊತೆಗೇ ಇನ್ನೊಂದು ಮಾತೂ ಹೇಳ್ತೀನಿ, ಕೆಲವರಿಗೆ ಸಿಟ್ಟು ಬಂದ್ರೂ ಬರಬಹುದು: ಹಳೇ ನೋವಿನಲ್ಲಿ ತಲೆಯ, ಅಂದ್ರೆ ಮೆದುಳಿನ ಪಾಲು ನಿಜವಾಗ್ಲೂ ಐತೆ. ಎರಡೂ ಒಟ್ಟಿಗೆ ಹೆಂಗೆ ನಿಜ ಆಗ್ತದೆ ಅಂತ ಕೇಳಿದ್ರೆ, ಮೊದಲು ಹುಣಸೆಹಣ್ಣಿನ ವಿಚಾರ ಕೇಳಿ.

ಹೊಸ ಹುಣಸೆಹಣ್ಣಿಗೆ ಉಪ್ಪು ಖಾರ ಸೇರಿಸಿ ಕುಟ್ಟಿ, ಕಡ್ಡಿಗೆ ಚುಚ್ಚಿ ಚೀಪೋದನ್ನ ಒಂದು ಸಲ ನೆನೆಸ್ಕೊಳ್ಳಿ. ಬಾಯಲ್ಲಿ ನೀರು ಬಂತಲ್ಲ? ಹಣ್ಣು ಬಾಯಿಗೆ ಬಂದಿಲ್ಲ, ಬರೀ ನೆನಪು ಬಂದಿದ್ದು. ಹಂಗಂತ ಆ ನೀರು ಸುಳ್ಳಾ? ಅದನ್ನ ತರಿಸಿದ್ದು ಮೆದುಳು, ಬಂದಿದ್ದು ಬಾಯಲ್ಲಿ, ನುಂಗಿದ್ದು ನಾವು. ನೋವೂ ಹಂಗೇ. ಕಾಲಲ್ಲೋ ಬೆನ್ನಲ್ಲೋ ಇರೋ ನರ “ಇಲ್ಲೇನೋ ಆಗ್ತಾ ಐತೆ” ಅಂತ ಸುದ್ದಿ ಕಳಿಸ್ತದೆ ಅಷ್ಟೇ. ಆ ಸುದ್ದಿಗೆ ಹಳೇ ನೆನಪು, ಭಯ, ನಿದ್ದೆ, ಸುತ್ತಮುತ್ತ ಏನು ನಡೀತಾ ಐತೆ ಅನ್ನೋದನ್ನೆಲ್ಲ ಸೇರಿಸಿ, ಇದನ್ನ ನೋವು ಮಾಡಬೇಕಾ ಬೇಡ್ವಾ, ಎಷ್ಟು ಮಾಡಬೇಕು ಅಂತ ತೀರ್ಮಾನ ಮಾಡೋದು ಮೆದುಳು. ಕೆನಡಾದ ರೊನಾಲ್ಡ್ ಮೆಲ್ಜಾಕ್, ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಅನ್ನೋ ಇಬ್ರು 1965ರಲ್ಲೇ, ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದಂಗೆ ಐತೆ, ನೋವಿನ ಸುದ್ದಿಯನ್ನ ಅದು ಹೆಚ್ಚೂ ಕಮ್ಮಿ ಮಾಡ್ತದೆ, ಮೇಲಿಂದ ಮೆದುಳೂ ಆ ಗೇಟನ್ನ ಆಡಿಸ್ತದೆ ಅಂತ ಬರೆದ್ರು. ಆಮೇಲೆ ವಿವರಗಳು ಬದಲಾದವು, ಆದ್ರೆ ಮೂಲ ಮಾತು ನಿಂತಿತು.

ಇದಕ್ಕೆ ಪುರಾವೆ ನಮ್ಮ ಅಡಿಗೆಮನೇಲೂ ಸಿಗ್ತದೆ. ಮದುವೆ ಮನೆ ಗಡಿಬಿಡೀಲಿ ಈಳಿಗೆಮಣೆಗೆ ಬೆರಳು ಕುಯ್ದಿರ್ತದೆ, ರಕ್ತ ಕಾಣೋ ತನಕ ಗೊತ್ತೇ ಆಗಲ್ಲ. ಗಾಯ ಐತೆ, ನೋವಿಲ್ಲ. ಇದರ ಉಲ್ಟಾ ಒಂದು ಸಂಗತಿ 1995ರಲ್ಲಿ ಇಂಗ್ಲೆಂಡಿನ ವೈದ್ಯರ ಪತ್ರಿಕೇಲಿ ಬಂದಿತ್ತು. ಕಟ್ಟಡದ ಕೆಲಸ ಮಾಡೋ 29 ವರ್ಷದವನೊಬ್ಬ 15 ಸೆಂಟಿಮೀಟರ್ ಮೊಳೆ ಮೇಲೆ ಹಾರಿದ. ಮೊಳೆ ಬೂಟು ತೂರಿ ಮೇಲೆ ಬಂದಿತ್ತು. ಸ್ವಲ್ಪ ಅಲುಗಾಡಿಸಿದ್ರೂ ತಡೆಯೋಕಾಗದೆ ಒದ್ದಾಡ್ತಿದ್ದ, ಜೋರಾದ ಔಷಧಿ ಕೊಟ್ಟು ಬೂಟು ಬಿಚ್ಚಿದ್ರು. ನೋಡಿದ್ರೆ ಮೊಳೆ ಎರಡು ಬೆರಳಿನ ಸಂದೀಲಿ ಹೋಗಿತ್ತು, ಕಾಲಿಗೆ ಒಂದು ಗೀರೂ ಇರಲಿಲ್ಲ. ಅವನು ನಾಟಕ ಆಡ್ತಿರಲಿಲ್ಲ. ಹಗ್ಗಾನ ಹಾವು ಅಂತ ತಿಳಿದೋನ ಎದೆ ಬಡಿತ ನಿಜವಾಗ್ಲೂ ಏರಿರ್ತದೆ. ಹಾವು ಇರಲಿಲ್ಲ ಅಂತ ಆಮೇಲೆ ಗೊತ್ತಾದ್ರೆ, ಬಡಿದ ಎದೆ ಸುಳ್ಳಾಗಲ್ಲ.

ಇನ್ನೂ ದೊಡ್ಡ ಪುರಾವೆ ಕೈಕಾಲು ಕಳ್ಕೊಂಡೋರದ್ದು. ಕೈ ತೆಗೆದು ಹಾಕಿ ವರ್ಷ ಆದ್ರೂ, ಇಲ್ಲದೇ ಇರೋ ಕೈ ಮುಷ್ಟಿ ಬಿಗಿದುಕೊಂಡು ನೋಯ್ತದೆ ಅಂತ ಎಷ್ಟೋ ಜನ ಹೇಳ್ತಾರೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇಂಥೋರ ಮುಂದೆ ಒಂದು ಕನ್ನಡಿ ಇಟ್ರು. ಇರೋ ಕೈಯನ್ನ ಆಡಿಸಿದ್ರೆ ಕನ್ನಡೀಲಿ ಹೋದ ಕೈಯೇ ಆಡಿದಂಗೆ ಕಾಣೋದು. ಕೆಲವರಿಗೆ ಆ ಬಿಗಿತ ಸಡಿಲ ಆಯ್ತು. ಇಲ್ಲದ ಕೈ ನೋಯೋದು ಮೆದುಳಿನಿಂದ, ಅದಕ್ಕೆ ಸ್ವಲ್ಪ ಸಮಾಧಾನ ಸಿಕ್ಕಿದ್ದೂ ಮೆದುಳಿನಿಂದ.

ಸರಿ, ನಮ್ಮ ಸೊಂಟಕ್ಕೆ ಬರೋಣ. ಬೀದೀಲಿ ಒಂದು ಸಲ ಕಳ್ಳ ನುಗ್ಗಿದ ಮೇಲೆ ನಾಯಿ ಹೆಂಗಾಗ್ತದೆ ನೋಡಿದ್ದೀರಲ್ಲ? ಹಾಲಿನೋನಿಗೂ ಬೊಗಳ್ತದೆ, ಪೇಪರ್ ಹುಡುಗನಿಗೂ ಬೊಗಳ್ತದೆ. ಕಳ್ಳ ಹೋಗಿ ಆರು ತಿಂಗಳಾಗಿರ್ತದೆ. ಮೂರು ತಿಂಗಳು ದಾಟಿದ ನೋವನ್ನ ಡಾಕ್ಟರುಗಳು ದೀರ್ಘಕಾಲದ ನೋವು ಅಂತಾರೆ. ಅಷ್ಟರಲ್ಲಿ ಎಷ್ಟೋ ಜನರಿಗೆ ಮೊದಲ ಉಳುಕು ವಾಸಿ ಆಗಿರ್ತದೆ, ಆದ್ರೆ ನರಗಳು, ಮೆದುಳು ಕಾವಲು ಬಿಟ್ಟಿರಲ್ಲ. ಬಗ್ಗಿದ್ರೂ ಬೊಗಳು, ಕೂತ್ರೂ ಬೊಗಳು. ನಾಯಿ ಕೆಟ್ಟದ್ದಲ್ಲ, ಮನೆ ಕಾಯೋಕೇ ಬೊಗಳ್ತಾ ಐತೆ. ಹೊಡೆದ್ರೆ ಇನ್ನೂ ಜಾಸ್ತಿ ಆಗ್ತದೆ. ಹಾಲಿನೋನನ್ನ ದಿನಾ ತೋರಿಸಿ, ಏನೂ ಆಗಲ್ಲ ಅಂತ ಅದಕ್ಕೇ ಗೊತ್ತಾಗೋ ಹಂಗೆ ಮಾಡಬೇಕು.

ಇಲ್ಲಿ ನಾವು ಹೆಂಗಸ್ರೇ ಒಬ್ರಿಗೊಬ್ರು ಹೇಳ್ಕೊಳ್ಳೋ ಕೆಲವು ಮಾತು ಆ ನಾಯಿಗೆ ಕಲ್ಲು ಹೊಡೆದಂಗೆ ಆಗ್ತವೆ. “ಡಿಸ್ಕ್ ಸವೆದೈತಂತೆ, ಇನ್ನು ಅಷ್ಟೇ” ಅನ್ನೋದು ಒಂದು. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನಕ್ಕೆ ಎಂಆರ್‌ಐ ಮಾಡಿ ನೋಡಿದ್ರು. ಎಲ್ಲಾ ಡಿಸ್ಕೂ ಸರಿಯಾಗಿದ್ದೋರು ನೂರಕ್ಕೆ 36 ಮಂದಿ ಮಾತ್ರ. ತಲೆಗೂದಲು ನರೆಯೋ ಹಂಗೆ ಡಿಸ್ಕೂ ವಯಸ್ಸಿಗೆ ಸವೀತದೆ, ನೋವಿಲ್ಲದೇನೂ ಸವೀತದೆ. ಇನ್ನೊಂದು, “ಸಿಜೇರಿಯನ್‌ನಲ್ಲಿ ಬೆನ್ನಿಗೆ ಸೂಜಿ ಕೊಟ್ರಲ್ಲ, ಅದು ಜನ್ಮಕ್ಕೂ ಬಿಡಲ್ಲ.” ಹೆರಿಗೆಗೆ ಬೆನ್ನಿಗೆ ಇಂಜೆಕ್ಷನ್ ತಗೊಂಡೋರನ್ನೂ ತಗೊಳ್ಳದೋರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, ವರ್ಷಗಟ್ಟಲೆ ಉಳಿಯೋ ಬೆನ್ನು ನೋವಿಗೆ ಸೂಜಿಯೇ ಕಾರಣ ಅಂತ ಕಂಡುಬಂದಿಲ್ಲ. ಕೂಸು ಎತ್ತೋದು, ರಾತ್ರಿ ನಿದ್ದೆ ಇಲ್ಲದ್ದು, ಬಗ್ಗಿ ಹಾಲು ಕುಡಿಸೋದು, ಇವನ್ನೆಲ್ಲ ಬಿಟ್ಟು ನಾವು ಸೂಜಿಗೇ ಗಂಟು ಬಿದ್ದಿದ್ದೀವಿ. ಆ ಬಾಣಂತಿಗೆ ಬೇಕಾಗಿರೋದು ರಾತ್ರಿ ಎರಡು ಗಂಟೆ ಕೂಸನ್ನ ನೋಡ್ಕೊಳ್ಳೋ ಇನ್ನೊಂದು ಕೈ.

ಮೆದುಳಿಗೆ ಹೊಸದಾಗಿ ಕಲಿಸಬಹುದಾ? ಅಮೆರಿಕದ ಕೊಲೊರಾಡೊದಲ್ಲಿ ಬೆನ್ನು ನೋವಿನ 151 ಜನರ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಪ್ರಕಟ ಆಯ್ತು. ಸರಾಸರಿ ಹತ್ತು ವರ್ಷದಿಂದ ನೋವು ತಿನ್ನುತ್ತಿದ್ದೋರು. ಅವರಲ್ಲಿ ಒಂದು ಗುಂಪಿಗೆ ನಾಲ್ಕು ವಾರ, ನಿಮ್ಮ ಬೆನ್ನು ಮುರಿದಿಲ್ಲ, ಇದು ತಪ್ಪು ಎಚ್ಚರಿಕೆ ಅಂತ ತಿಳಿಸಿ ಹೇಳಿ, ಹೆದರುತ್ತಿದ್ದ ಕೆಲಸಗಳನ್ನ ಹೆದರದೆ ಮಾಡೋದನ್ನ ಕಲಿಸಿದ್ರು. ನೂರಕ್ಕೆ 66 ಜನರಿಗೆ ನೋವು ಪೂರ್ತಿ ಅಥವಾ ಹೆಚ್ಚೂ ಕಮ್ಮಿ ಪೂರ್ತಿ ಹೋಯ್ತು. ಮದ್ದಿಲ್ಲದ ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಅದು 20, ಮಾಮೂಲಿ ಚಿಕಿತ್ಸೇಲೇ ಇದ್ದೋರಲ್ಲಿ 10. ಒಂದು ಊರಿನ ಒಂದು ಅಧ್ಯಯನ ಅದು, ಎಲ್ಲಾ ನೋವಿಗೂ ಅದೇ ಮದ್ದು ಅನ್ನೋಕಾಗಲ್ಲ. ಆದ್ರೂ ಹತ್ತು ವರ್ಷದ ನೋವೂ ಹಿಂದಕ್ಕೆ ಹೋಗಬಹುದು ಅನ್ನೋದು ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ. ಎಲ್ಲಾ ನೋವನ್ನೂ ಮೆದುಳಿನ ತಲೆಗೆ ಕಟ್ಟಬಾರದು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕುನ್‌ಗುನ್ಯಾ ಅಂತ ಲೆಕ್ಕ ಸಿಕ್ಕಿತ್ತು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ಊದಿಕೊಂಡೋರಿಗೆ ಕೀಲಿನ ಚಿಕಿತ್ಸೆಯೇ ಬೇಕಿತ್ತು. ಸಂಧಿವಾತ, ಥೈರಾಯ್ಡ್, ರಕ್ತ ಕಮ್ಮಿ ಇರೋದು, ಇವನ್ನ ಮೊದಲು ನೋಡಿಸಬೇಕು. ಕಾಲಿನ ಶಕ್ತಿ ಕಮ್ಮಿ ಆಗ್ತಾ ಬಂದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಜ್ವರ ಇದ್ದು ಬೆನ್ನು ನೋಯ್ತಿದ್ರೆ, ಸುಮ್ಮನೆ ತೂಕ ಇಳೀತಿದ್ರೆ, ಹಿಂದೆ ಕ್ಯಾನ್ಸರ್ ಆಗಿದ್ರೆ, ಬಿದ್ದ ಮೇಲೆ ನೋವು ಶುರುವಾಗಿದ್ರೆ ತಡ ಮಾಡಬಾರದು. ಮೆದುಳಿನ ಮಾತು ಬರೋದು ಇದೆಲ್ಲ ನೋಡಿಸಿದ ಮೇಲೆ.

ನೋಡಿಸೋಕೆ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ರೆ ಎಷ್ಟೋ ಮನೇಲಿ ಮಾತೇ ನಿಂತೋಗ್ತದೆ. “ಹುಚ್ಚಾಸ್ಪತ್ರೆಗೆ ಕಳಿಸ್ತಾರಂತೆ.” ನಮ್ಮ ಇದೇ ಹೊಸೂರು ರೋಡ್‌ನಲ್ಲಿರೋ ಆಸ್ಪತ್ರೆ ಅದು. 1974ರಲ್ಲಿ ಹಳೇ ಮಾನಸಿಕ ಆಸ್ಪತ್ರೆಯನ್ನೂ ಒಂದು ತರಬೇತಿ ಸಂಸ್ಥೆಯನ್ನೂ ಸೇರಿಸಿ ಮಾಡಿದ್ದು. ಅಲ್ಲಿ ಮನಸ್ಸಿನ ವಿಭಾಗ ಇದ್ದಂಗೇ ನರದ ವಿಭಾಗ, ನರದ ಆಪರೇಷನ್ ವಿಭಾಗ, ಮತ್ತೆ ನಡೆದಾಡೋ ಹಂಗೆ ಮಾಡೋ ಪುನರ್ವಸತಿ ವಿಭಾಗ ಎಲ್ಲಾ ಐತೆ. ಮನಸ್ಸಿನ ಡಾಕ್ಟರ ಹತ್ರ ಹೋದ್ರೂ ಅದರಲ್ಲಿ ಕುಂದೇನು? ನಿದ್ದೆ ಕೆಟ್ಟು, ಬೇಜಾರು ಮುತ್ತಿಕೊಂಡಾಗ ನೋವು ಜಾಸ್ತಿ ಆಗೋದು ಗೊತ್ತಿರೋ ವಿಚಾರವೇ.

ಈಗ ಮನೆಯೋರಿಗೆ. “ಮೆದುಳೇ ಮಾಡೋದಾದ್ರೆ ಅವಳೇ ನಿಲ್ಲಿಸಲಿ” ಅಂತ ಯಾರಾದ್ರೂ ಅಂದ್ರೆ, ಹುಣಸೆಹಣ್ಣು ನೆನೆಸ್ಕೊಂಡು ಬಾಯಲ್ಲಿ ನೀರು ಬರದಂಗೆ ನಿಲ್ಲಿಸಿ ತೋರಿಸಲಿ ಅನ್ನಿ. ಮೆದುಳು ನಮ್ಮ ಮಾತು ಕೇಳೋ ಆಳಲ್ಲ. ಅದಕ್ಕೆ ಬೇಕಾಗಿರೋದು, ಇಲ್ಲಿ ಅಪಾಯ ಇಲ್ಲ ಅನ್ನೋ ಧೈರ್ಯ. ಅದು ಔಷಧಿ ಅಂಗಡೀಲಿ ಸಿಗಲ್ಲ. ಟಾರ್ಗೆಟ್ ಮುಗಿಸಿ ಬಂದೋಳು ಮನೆಗೆ ಬಂದು ಮತ್ತೆ ಬೈಗುಳ ಕೇಳಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು, ಬೆಳಿಗ್ಗೆ ನಾಲ್ಕೂವರೆಗೆ ನೀರು ಹಿಡಿಯೋಕೆ ಏಳೋದಾದ್ರೆ, ಅವಳ ಮೆದುಳು ಯಾವಾಗ ಕಾವಲು ಇಳಿಸಬೇಕು? ಅದಕ್ಕೇ ನಾನು ಹೇಳೋದು, ಹಳೇ ನೋವು ಒಬ್ಬಳ ಬೆನ್ನಲ್ಲಿದ್ರೂ ಅದರ ಮದ್ದು ಇಡೀ ಮನೇಲಿ ಐತೆ.

ನೋವಿನ ಅಧ್ಯಯನಕ್ಕೆ ಅಂತಲೇ ಇರೋ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಅಂದ್ರೇನು ಅನ್ನೋದನ್ನ ತಿದ್ದಿ ಬರೀತು. ಒಬ್ಬರು ನೋವು ಅಂತ ಹೇಳಿದ್ರೆ ಆ ಮಾತಿಗೆ ಗೌರವ ಕೊಡಬೇಕು ಅಂತ ಅದರಲ್ಲೇ ಸೇರಿಸಿದ್ರು. ನಂಬೋದು ಅಂದ್ರೆ ಹಾಸಿಗೆ ಮೇಲೆ ಮಲಗಿಸಿ ಅಯ್ಯೋ ಪಾಪ ಅನ್ನೋದಲ್ಲ. ತಿಂಗಳುಗಟ್ಟಲೆ ಮಲಗಿದ್ರೆ ಬೆನ್ನು ಇನ್ನೂ ಬಿಗೀತದೆ, ಬೆಲ್ಟ್ ಬಿಗಿದುಕೊಂಡೇ ಬದುಕಿದ್ರೆ ಭಯ ಬಿಡಲ್ಲ. ಇವತ್ತು ಬೀದಿ ಕೊನೇತನಕ, ಒಂದು ವಾರ ಬಿಟ್ಟು ದೇವಸ್ಥಾನದ ತನಕ, ನೋವು ಏರಿದ ದಿನ ಸ್ವಲ್ಪ ಕಮ್ಮಿ, ಆದ್ರೆ ಪೂರ್ತಿ ಬಿಡದಂಗೆ ನಡೀಬೇಕು. ಜೊತೆಗೊಬ್ರು ಹೋದ್ರೆ ಇನ್ನೂ ಒಳ್ಳೇದು. ಅತ್ತೆಯಾದೋರು ಕುಕ್ಕರ್ ಇಳಿಸಿಕೊಟ್ರೆ, ಗಂಡ ಆದೋನು ನೀರಿನ ಕ್ಯಾನ್ ಎತ್ತಿಟ್ರೆ, ಮಗಳು ರಾತ್ರಿ ಪಾತ್ರೆ ತೊಳೆದ್ರೆ, ಅವಳಿಗೆ ಒಂದು ಗಂಟೆ ನಿದ್ದೆ ಜಾಸ್ತಿ ಸಿಗ್ತದೆ. ಆ ಒಂದು ಗಂಟೆ ಹೆಂಗೆ ಕೊಡೋದು ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಾತಾಡ್ಕೊಳ್ಳಿ. ನೋವಿರೋಳನ್ನೂ ಕೂರಿಸ್ಕೊಂಡೇ ಮಾತಾಡಿ.