ತಿಂಡಿ ಬಿಡುವ ಮುನ್ನ ರಾತ್ರಿಯ ತಟ್ಟೆ ನೋಡಿ

ತೂಕ ಇಳಿಸಬೇಕೆಂದು ನನ್ನ ಬಳಿ ಬರುವವರಲ್ಲಿ ಬಹಳಷ್ಟು ಮಂದಿ ಮೊದಲು ಹೇಳುವ ಮಾತು ಒಂದೇ: ‘ಬೆಳಗಿನ ತಿಂಡಿ ಬಿಟ್ಟೀನ್ರಿ ಮೇಡಂ, ಆದ್ರೂ ತೂಕ ಇಳೀವಲ್ದು.’ ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಪರಿಮಳ ಮೂಗಿಗೆ ಬಡಿಯುವ ಬೀದಿಗಳನ್ನು ದಾಟಿ ಬರೀ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗುವುದು ಸುಲಭವಲ್ಲ. ಅಷ್ಟು ಕಷ್ಟಪಡುವವರಿಗೆ ನೇರವಾದ ಉತ್ತರ ಸಿಗಬೇಕು. ಈ ಊರಿನಲ್ಲಿ ವರ್ಷಗಳಿಂದ ಪಥ್ಯಾಹಾರದ ಸಲಹೆ ಕೊಡುತ್ತಾ ಬಂದಿರುವ ನನ್ನ ಉತ್ತರ ಇಷ್ಟು: ತಿಂಡಿ ಬಿಟ್ಟ ಮಾತ್ರಕ್ಕೆ ತೂಕ ಇಳಿಯುವುದಿಲ್ಲ, ತಿಂದ ಮಾತ್ರಕ್ಕೂ ಇಳಿಯುವುದಿಲ್ಲ. ನಮ್ಮ ಕಡೆ ಮೈ ಬೆಳೆಸುತ್ತಿರುವುದು ಸಂಜೆ ಆರರ ಮೇಲಿನ ಹೊತ್ತು. ಅದನ್ನು ಮುಟ್ಟದೆ ಬೆಳಗಿನ ಇಡ್ಲಿಯನ್ನು ದೂಡಿದರೆ ಏನೂ ಆಗದು.

ತಿಂಡಿಯನ್ನು ಕಡ್ಡಾಯವೆಂದು ಸಾರಿದವರು ಮೊದಲು ಯಾರು ಎಂಬುದನ್ನೂ ಗಮನಿಸಬೇಕು. ದಿನದ ಊಟಗಳಲ್ಲೆಲ್ಲ ಬೆಳಗಿನದೇ ಮುಖ್ಯ ಎಂಬ ಮಾತು 1917ರಲ್ಲೇ ಅಮೆರಿಕದ ಒಂದು ಆರೋಗ್ಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಪತ್ರಿಕೆಯ ಸಂಪಾದಕರು ಕಾರ್ನ್‌ಫ್ಲೇಕ್ಸ್ ಹುಟ್ಟಿಗೆ ಕಾರಣರಾದ ಸಹೋದರರಲ್ಲಿ ಒಬ್ಬರಾದ ಡಾ. ಜಾನ್ ಹಾರ್ವೆ ಕೆಲಾಗ್. 1944ರಲ್ಲಿ ಅಲ್ಲಿನ ಮತ್ತೊಂದು ಸೀರಿಯಲ್ ಕಂಪನಿ ಇದೇ ಮಾತನ್ನು ರೇಡಿಯೊ ಜಾಹೀರಾತಿನಲ್ಲೂ ದಿನಸಿ ಅಂಗಡಿಗಳಲ್ಲಿ ಹಂಚಿದ ಕರಪತ್ರಗಳಲ್ಲೂ ಸಾರಿತು. ಮಾರುವವರು ಹೇಳಿದರೆಂಬ ಕಾರಣಕ್ಕೆ ಮಾತು ಸುಳ್ಳಾಗುವುದಿಲ್ಲ, ನಿಜ. ಆದರೆ ವಿಜ್ಞಾನ ಅದನ್ನು ಒರೆಗೆ ಹಚ್ಚಿದ್ದು ಬಹಳ ತಡವಾಗಿ.

ತೂಕ ಇಳಿಸಿ ಅದನ್ನು ಉಳಿಸಿಕೊಂಡವರ ರಾಷ್ಟ್ರೀಯ ದಾಖಲೆಯೊಂದು ಅಮೆರಿಕದಲ್ಲಿದೆ. ಅದರಲ್ಲಿ ಹೆಸರು ನೋಂದಾಯಿಸಿದವರ ಪೈಕಿ ಶೇ 78ರಷ್ಟು ಜನ ದಿನವೂ ತಿಂಡಿ ತಿನ್ನುತ್ತಿದ್ದರು ಎಂದು 2002ರಲ್ಲಿ ಪ್ರಕಟವಾಯಿತು. ಇದನ್ನು ಎಷ್ಟೋ ವರ್ಷ ಪುರಾವೆಯಂತೆ ಎತ್ತಿ ಹೇಳಲಾಯಿತು. ಆದರೆ ದಿನವೂ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನುವವರು ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಮಲಗುವವರೂ ವಾಕಿಂಗ್ ಹೋಗುವವರೂ ಆಗಿರುತ್ತಾರೆ. ತೂಕ ಇಳಿಸಿದ್ದು ತಿಂಡಿಯೋ, ವಾಕಿಂಗೋ, ನಿದ್ದೆಯೋ ಎಂದು ಅಂಥ ಲೆಕ್ಕದಿಂದ ಬೇರ್ಪಡಿಸಲಾಗದು. ಅದಕ್ಕೆ ಒಂದೇ ದಾರಿ: ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಿಂಡಿ ತಿನ್ನಿಸಿ, ಇನ್ನೊಂದಕ್ಕೆ ಬಿಡಿಸಿ ನೋಡುವುದು.

ಹಾಗೆ ನೋಡಿದಾಗ ಸಿಕ್ಕಿದ್ದು ಎರಡೂ ಪಕ್ಷದವರಿಗೆ ನಿರಾಸೆ ತರುವ ಫಲಿತಾಂಶ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 309 ವಯಸ್ಕರನ್ನು ಸೇರಿಸಿಕೊಂಡು 16 ವಾರ ಗಮನಿಸಿದರು. ತಿಂಡಿ ತಿನ್ನಿ ಎಂದರೂ ಬಿಡಿ ಎಂದರೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದರು. ತಿಂಡಿ ತಿಂದವರು ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚು ತಿಂದಿದ್ದರು, ತೂಕದಲ್ಲಿ ಸರಾಸರಿ 440 ಗ್ರಾಂ ಮುಂದಿದ್ದರು. ‘ತಿಂಡಿ ಬಿಟ್ಟರೆ ಮಧ್ಯಾಹ್ನ ಅದರ ಎರಡರಷ್ಟು ತಿಂದುಬಿಡುತ್ತೀರಿ’ ಎಂದು ಹೆದರಿಸುತ್ತಿದ್ದವರ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಕೆಲವೇ ವಾರಗಳವು, ಗುಣಮಟ್ಟವೂ ಅಷ್ಟಕ್ಕಷ್ಟೇ ಎಂದು ಸಂಶೋಧಕರೇ ಒಪ್ಪಿಕೊಂಡಿದ್ದಾರೆ. ನಾನೂರು ಗ್ರಾಮ್ ಎಂದರೆ ಒಂದು ದೊಡ್ಡ ಲೋಟ ನೀರು ಕುಡಿದರೆ ಏರಿಳಿಯುವಷ್ಟು ತೂಕ.

ತಿಂಡಿ ಬಿಟ್ಟರೆ ಮೆಟಬಾಲಿಸಂ ಮಲಗಿಬಿಡುತ್ತದೆ ಎಂಬ ಇನ್ನೊಂದು ನಂಬಿಕೆಯನ್ನು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿತು. ಆರು ವಾರ ಮಧ್ಯಾಹ್ನದವರೆಗೆ ಏನೂ ತಿನ್ನದವರಲ್ಲೂ ದೇಹ ಸುಮ್ಮನಿದ್ದಾಗ ಸುಡುವ ಶಕ್ತಿ ಕುಗ್ಗಲಿಲ್ಲ. ವ್ಯತ್ಯಾಸ ಬೇರೆ ಕಡೆ ಕಂಡಿತು. ತಿಂಡಿ ತಿಂದವರು ಬೆಳಗಿನ ಹೊತ್ತು ಹೆಚ್ಚು ಓಡಾಡಿದರು, ಬಿಟ್ಟವರು ತಮಗೇ ತಿಳಿಯದಂತೆ ಕಡಿಮೆ ಚಲಿಸಿದರು. ನನಗೆ ಇದು ತೂಕದ ಮುಳ್ಳಿಗಿಂತ ದೊಡ್ಡ ಸಂಗತಿ. ಬರೀ ಹೊಟ್ಟೆಯಲ್ಲಿರುವ ಮೈ ಮೆಟ್ಟಿಲು ಬಿಟ್ಟು ಲಿಫ್ಟ್ ಹುಡುಕುತ್ತದೆ.

ಈಗಿನ ಹುಡುಗರು ಹೇಳುವ ‘ಹದಿನಾರು–ಎಂಟು’ ಪದ್ಧತಿಯೂ, ಅಂದರೆ ಹದಿನಾರು ಗಂಟೆ ಉಪವಾಸವಿದ್ದು ಎಂಟು ಗಂಟೆಯೊಳಗೆ ಉಣ್ಣುವುದೂ, ಹೆಚ್ಚಿನ ಮಟ್ಟಿಗೆ ತಿಂಡಿ ಬಿಡುವುದೇ. ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿನ್ನುವುದನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 116 ಜನರ ಮೇಲೆ 12 ವಾರ ಪ್ರಯೋಗಿಸಿದರು. 2020ರಲ್ಲಿ ಬಂದ ಫಲಿತಾಂಶದಂತೆ, ಅವರಿಗೂ ಮೂರು ಹೊತ್ತು ಉಂಡವರಿಗೂ ತೂಕದಲ್ಲಿ ಗಣನೀಯ ಅಂತರವಿರಲಿಲ್ಲ. ಜೊತೆಗೆ, ಪ್ರಯೋಗಾಲಯಕ್ಕೆ ಕರೆಸಿ ಅಳೆದವರಲ್ಲಿ ಇಳಿದ ಅಲ್ಪ ತೂಕದ ದೊಡ್ಡ ಪಾಲು ಕೊಬ್ಬಿನದಾಗಿರಲಿಲ್ಲ. ಕೊಬ್ಬು ಉಳಿದು ಸ್ನಾಯು ಸವೆದರೆ ಅದನ್ನು ತೂಕ ಇಳಿಕೆ ಎಂದು ಸಂಭ್ರಮಿಸಲು ನನ್ನಿಂದಾಗದು. ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಜನರಿಗೆ ಒಂದು ವರ್ಷ ಕ್ಯಾಲೊರಿ ಕಡಿತದ ಪಥ್ಯ ಹೇಳಿ, ಅರ್ಧ ಮಂದಿಗೆ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನುವ ನಿಯಮ ಹಾಕಿದರು. 2022ರ ಆ ವರದಿಯಲ್ಲೂ ಎರಡೂ ಗುಂಪಿನವರ ತೂಕ ಇಳಿಯಿತು, ಗಡಿಯಾರದಿಂದ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಸಿಗಲಿಲ್ಲ. ಇಳಿಸಿದ್ದು ತಟ್ಟೆಯಲ್ಲಿ ಕಡಿಮೆಯಾದ ಆಹಾರ.

ಹಾಗಿದ್ದರೂ ಬೆಳಗಿನ ತಿಂಡಿ ಬಿಡಿ ಎಂದು ನಾನೇಕೆ ಹೇಳುವುದಿಲ್ಲ? ಸ್ಕಾಟ್ಲೆಂಡಿನ ಅಬರ್ಡೀನ್‌ನ ಒಂದು ಪ್ರಯೋಗ ನನ್ನ ಕೆಲಸಕ್ಕೆ ಹೆಚ್ಚು ಹತ್ತಿರ ಬಂತು. 30 ಜನರಿಗೆ ನಾಲ್ಕು ವಾರ ಬೆಳಿಗ್ಗೆ ಭರ್ತಿ ಊಟ, ಇನ್ನು ನಾಲ್ಕು ವಾರ ರಾತ್ರಿ ಭರ್ತಿ ಊಟ ಕೊಟ್ಟರು, ದಿನದ ಒಟ್ಟು ಕ್ಯಾಲೊರಿ ಒಂದೇ. ಎರಡರಲ್ಲೂ ತೂಕ ಮೂರು ಕಿಲೊಗಿಂತ ತುಸು ಹೆಚ್ಚು, ಸಮಸಮ ಇಳಿಯಿತು. ಆದರೆ ಬೆಳಿಗ್ಗೆ ಹೆಚ್ಚು ತಿಂದಾಗ ದಿನವಿಡೀ ಹಸಿವು ಕಡಿಮೆಯಿತ್ತು. ಪ್ರಯೋಗದಲ್ಲಿ ತಟ್ಟೆಯನ್ನು ಬೇರೆಯವರು ಅಳೆದು ಕೊಡುತ್ತಾರೆ. ಮನೆಯಲ್ಲಿ ಕೈ ತಡೆಯಬೇಕಾದವರು ನಾವೇ, ಆ ಕೈಯನ್ನು ಚಾಚಿಸುವುದು ಹಸಿವು.

ದಾವಣಗೆರೆಯ ಸಂಜೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತಲಾಗುತ್ತಿದ್ದಂತೆ ಗಾಡಿಗಳ ಮುಂದೆ ನರ್ಗಿಸ್ ಮಂಡಕ್ಕಿ, ಜೊತೆಗೆ ಎಣ್ಣೆಯಿಂದ ಆಗತಾನೇ ಎತ್ತಿದ ಮಿರ್ಚಿ. ಮಂಡಕ್ಕಿ ಹಗುರ, ಅದರಲ್ಲಿ ದೋಷವಿಲ್ಲ. ಬೆಳಗಿನಿಂದ ಹೊಟ್ಟೆ ಕಟ್ಟಿಕೊಂಡವರ ಕೈ ಒಂದು ಮಿರ್ಚಿಗೆ ನಿಲ್ಲುವುದಿಲ್ಲ, ಅದೇ ತೊಂದರೆ. ಎಣ್ಣೆಯ ಒಂದೊಂದು ಗ್ರಾಮಿಗೂ 9 ಕ್ಯಾಲೊರಿ. ಬೆಳಿಗ್ಗೆ ಉಳಿಸಿದ ಎರಡು ಇಡ್ಲಿಯ ಲೆಕ್ಕ ಎರಡನೇ ಮಿರ್ಚಿಗೇ ಮುಗಿಯುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಬಟ್ಟೆ ವ್ಯಾಪಾರಿ ತಿಂಡಿ ಬಿಟ್ಟು ಒಂದು ವರ್ಷವಾಗಿತ್ತು. ಅಂಗಡಿ ಬಾಗಿಲು ಹಾಕಿ ಮನೆ ಸೇರುವಾಗ ಒಂಬತ್ತೂವರೆ, ಉಣ್ಣುವಾಗ ಹತ್ತೂವರೆ. ಮೂರು ರೊಟ್ಟಿ, ಪಲ್ಯ, ಮೇಲೆ ತಟ್ಟೆ ತುಂಬ ಅನ್ನ ಸಾರು, ಉಂಡ ಅರ್ಧ ಗಂಟೆಗೆ ಹಾಸಿಗೆ. ‘ಬೆಳಿಗ್ಗೆ ನನಗೆ ಹಸಿವೇ ಆಗಲ್ರಿ’ ಎಂದರು. ರಾತ್ರಿಯದೇ ಅರಗದಿದ್ದರೆ ಬೆಳಿಗ್ಗೆ ಹಸಿವು ಎಲ್ಲಿಂದ ಬರಬೇಕು? ನಾನು ತಿಂಡಿಯ ಮಾತೇ ಎತ್ತಲಿಲ್ಲ. ರಾತ್ರಿಯ ಊಟವನ್ನು ಡಬ್ಬಿಯಲ್ಲಿ ಅಂಗಡಿಗೆ ತರಿಸಿಕೊಂಡು ಏಳೂವರೆಗೆ ಉಣ್ಣಿ, ಅನ್ನ ಅರ್ಧಕ್ಕಿಳಿಸಿ, ಕಾಳುಪಲ್ಯ ಹೆಚ್ಚಿಸಿ ಎಂದೆ. ಕೆಲವು ವಾರಗಳಲ್ಲಿ ಅವರಿಗೆ ಬೆಳಗಿನ ಹಸಿವು ತಾನಾಗಿ ಮರಳಿತು. ಈಗ ಅಂಗಡಿಗೆ ಹೋಗುವ ಮುಂಚೆ ಒಂದು ರೊಟ್ಟಿ, ಮೊಳಕೆ ಹೆಸರುಕಾಳು, ಮೊಸರು ತಿನ್ನುತ್ತಾರೆ. ತೂಕ ನಿಧಾನವಾಗಿ ಇಳಿಯುತ್ತಿದೆ.

ಎದ್ದ ಕೂಡಲೇ ತಿನ್ನಲೇಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಜಗಳೂರು ಕಡೆಯ ರೈತರ ಮನೆಗಳಲ್ಲಿ ಹಿರಿಯರು ನಸುಕಿನಲ್ಲೇ ಹೊಲಕ್ಕೆ ಹೋಗಿ, ಬಿಸಿಲೇರಿದ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಅದು ತಿಂಡಿಯಾಗಿರಲಿಲ್ಲ, ರೊಟ್ಟಿ, ಕಾಳು, ಉಳ್ಳಾಗಡ್ಡಿಯ ಗಟ್ಟಿ ಊಟ. ರಾತ್ರಿಯ ಊಟ ದೀಪ ಹಚ್ಚಿದ ಹೊತ್ತಿಗೇ ಮುಗಿಯುತ್ತಿತ್ತು. ಹತ್ತಕ್ಕೆ ಹಸಿವಾಗುವವರು ಹತ್ತಕ್ಕೇ ತಿನ್ನಲಿ. ಆದರೆ ಅವರ ರಾತ್ರಿಯೂ ಆ ಹಿರಿಯರ ರಾತ್ರಿಯಂತಿರಲಿ.

ಕೆಲವರ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಔಷಧಿ ತೆಗೆದುಕೊಂಡು ತಿಂಡಿ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಬೀಳಬಹುದು. ಅಂಥವರು ಊಟದ ಹೊತ್ತು ಬದಲಿಸುವ ಮುಂಚೆ ವೈದ್ಯರ ಬಳಿ ಮಾತ್ರೆಯ ಲೆಕ್ಕ ಬದಲಿಸಿಕೊಳ್ಳಬೇಕು. ಬಸುರಿಯರು, ಬೆಳೆಯುವ ಮಕ್ಕಳು ತಿಂಡಿ ಬಿಡುವ ಮಾತೇ ಬೇಡ.

ಇನ್ನು ಕಾಲೇಜು ಹುಡುಗಿಯರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನವರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ತೂಕ ಹೆಚ್ಚು. ಎರಡೂ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಮೈಯಲ್ಲಿ ಇರುತ್ತವೆ. ತೆಳ್ಳಗಾಗಬೇಕೆಂದು ತಿಂಡಿ ಬಿಟ್ಟು ಎರಡು ಲೋಟ ಚಹಾದಲ್ಲಿ ಮಧ್ಯಾಹ್ನದವರೆಗೆ ತಳ್ಳುವ ಹುಡುಗಿಯರನ್ನು ನಾನು ವಾರವಾರವೂ ನೋಡುತ್ತೇನೆ. ಊಟದ ಜೊತೆ ಕುಡಿದ ಚಹಾ ಆಹಾರದ ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ತಿಂಡಿ ಬಿಟ್ಟರಂತೂ ಆ ಹೊತ್ತಿನ ಕಬ್ಬಿಣಾಂಶವೇ ಇಲ್ಲ. ಮಧ್ಯಾಹ್ನ ತಲೆ ಸುತ್ತು, ಪಾಠ ತಲೆಗೆ ಹೋಗುವುದಿಲ್ಲ, ಸಂಜೆ ಬೇಕರಿಯ ಪಫ್ಸ್. ತೂಕದ ಕಡೆಯಿಂದ ಏನೂ ಸಿಗದ ಕೆಲಸಕ್ಕೆ ಇಷ್ಟು ಬೆಲೆ ತೆರುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ಅವರಿಗೆ ನಾನು ಹೇಳುವುದು ತಟ್ಟೆ ಬದಲಿಸಿ ಎಂದು: ಚಿತ್ರಾನ್ನದ ಬದಲು ಹೆಸರುಕಾಳಿನ ದೋಸೆ, ಬರೀ ಉಪ್ಪಿಟ್ಟಿನ ಬದಲು ಅರ್ಧ ಉಪ್ಪಿಟ್ಟು ಮತ್ತು ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಹುರಿದ ಶೇಂಗಾ. ಚಹಾ ಒಂದು ಗಂಟೆ ಬಿಟ್ಟು.

ತಿಂಡಿ ಬಿಡುವ ದೊಡ್ಡ ಗುಂಪೊಂದು ಯಾವ ಪ್ರಯೋಗದ ಪಟ್ಟಿಯಲ್ಲೂ ಇಲ್ಲ. ಬೆಳಿಗ್ಗೆ ಐದಕ್ಕೆದ್ದು ಮಕ್ಕಳಿಗೆ, ಗಂಡನಿಗೆ, ಅತ್ತೆ ಮಾವನಿಗೆ ತಿಂಡಿ ಮಾಡಿ, ಡಬ್ಬಿ ಕಟ್ಟಿ, ತಾವು ಏನೂ ತಿನ್ನದೆ ಹರಿಹರದ ಬಸ್ಸು ಹಿಡಿಯುವ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಹೊಲಿಗೆ ಕೆಲಸದವರು. ಇವರು ತಿಂಡಿ ಬಿಟ್ಟಿರುವುದು ತೂಕಕ್ಕಲ್ಲ, ಹೊತ್ತಿಲ್ಲದ್ದಕ್ಕೆ. ರಾತ್ರಿ ಎಲ್ಲರೂ ಉಂಡ ಮೇಲೆ ಹನ್ನೊಂದಕ್ಕೆ, ಪಾತ್ರೆಯಲ್ಲಿ ಉಳಿದ ಅನ್ನ ಚೆಲ್ಲಬಾರದೆಂದು ಅದನ್ನೂ ಉಣ್ಣುವವರೂ ಇವರೇ. ‘ನಿಮಗೆ ಸಂಯಮ ಕಡಿಮೆ’ ಎಂದು ಇವರಿಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಥವರು ಬಂದಾಗ ಪಥ್ಯದ ಚೀಟಿ ಬರೆಯುವ ಮುಂಚೆ, ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಬಂದವರಿಗೆ ನಾನು ಕೇಳುವುದು ಎರಡೇ: ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟುವ ಕೆಲಸ ನಿಮ್ಮದಾಗಲಿ, ರಾತ್ರಿ ಎಂಟಕ್ಕೆ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಿ. ಕೆಲವರು ಒಪ್ಪುತ್ತಾರೆ. ಒಪ್ಪದವರಿಗೆ ಅದನ್ನೇ ಇನ್ನೊಮ್ಮೆ, ಅವರ ಹೆಂಡತಿಯ ರಕ್ತ ಪರೀಕ್ಷೆಯ ವರದಿಯನ್ನು ಮುಂದಿಟ್ಟು ಹೇಳುತ್ತೇನೆ.