ಬೀಜ ಉಳಿಸದವರಿಗೆ ಹೂವು ಯಾರದು?

ದೀಪಾವಳಿಗೆ ದಾವಣಗೆರೆಯ ಆನೆಕೊಂಡದ ಬಾಗಿಲುಗಳನ್ನು ಸಿಂಗರಿಸುವ ಚೆಂಡುಹೂವಿನ ತವರು ಮೆಕ್ಸಿಕೋ. ಅದನ್ನು ಈ ನೆಲದ್ದಾಗಿಸಿದ್ದು ತಲೆತಲಾಂತರದಿಂದ ಬೀಜ ಉಳಿಸಿದ ಕೈಗಳು. ಇಂದು ಹೊಸದಾಗಿ ಹೂ ಬೆಳೆಯಹೊರಟವರಿಗೆ ಅಂಗಡಿ ಚಾಚುವುದು ಹೈಬ್ರಿಡ್ ಪೊಟ್ಟಣ. ಮೊದಲ ಬೆಳೆ ಒಂದೇ ಸಮನಾಗಿ ಅರಳುತ್ತದೆ. ಅದರ ಬೀಜ ಬಿತ್ತಿದರೆ ಗುಣ ಚದುರುತ್ತದೆ. ವರ್ಷವರ್ಷವೂ ಅಂಗಡಿಯ ಬಾಗಿಲು ಕಾಯುವುದು ತೋಟಗಾರಿಕೆಯೇ?

ದಾರಿ ಸರಳ. ನೆರೆಮನೆಯ ನಾಟಿ ಗಿಡದ ಒಳ್ಳೆಯ ಹೂವು ಗಿಡದಲ್ಲೇ ಒಣಗಲಿ. ಬೀಜ ಬಿಡಿಸಿ, ನೆರಳಿನಲ್ಲಿ ಆರಿಸಿ, ಕಾಗದದಲ್ಲಿ ಕಟ್ಟಿಡಬೇಕು. ಮುಂಗಾರಿನಲ್ಲಿ ಕಾಲು ಅಂಗುಲ ಆಳಕ್ಕೆ ಬಿತ್ತಿದರೆ ವಾರದೊಳಗೆ ಮೊಳಕೆ. ತಿಂಗಳಿಗೆ ಸಸಿಯನ್ನು ಅಡಿಗೊಂದರಂತೆ ನೆಡಬಹುದು.

ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ ರೈತರ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. ಬೀಜ ಉಳಿಸುವವರೇ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಒಣಗುತ್ತದೆ.